ಸಂಬಳದ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ಹಾಕಿದರೆ ಕಷ್ಟ ಕಡಿಮೆಯಾಗುತ್ತದೆಯೇ?

ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿ ಸಂಬಳಕ್ಕೆ ದುಡಿಯುತ್ತಿರುವ ನೀವು, ಆ ಕೆಲಸ ಬಿಟ್ಟು ಲೋಹ ಕಡೆಯುವ ಸ್ವಂತ ಲೇತ್ ಮೆಷಿನ್ ಹಾಕಿಕೊಂಡರೆ ಬದುಕು ಹಗುರಾದೀತೇ ಎಂದು ಕೇಳಿದ್ದೀರಿ. ಇದೇ ಕಸುಬಿನಲ್ಲಿ ಮೊದಲು ನೌಕರನಾಗಿದ್ದ ನಾನು ಈಗ ಬೆಂಗಳೂರಿನ ಪೀಣ್ಯದ ಬಾಡಿಗೆ ಶೆಡ್ಡೊಂದರಲ್ಲಿ ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳು ಕೊಟ್ಟ ಮಾಲಿನಲ್ಲಿ ಕೂಲಿಗೆ ಭಾಗ ಮಾಡಿಕೊಡುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಹಗುರಾಗುವುದಿಲ್ಲ ಎಂದೇ ಹೇಳಬೇಕಾಗಿದೆ. ದುಡಿಮೆಗಿಂತಲೂ, ದುಡಿದ ಹಣ ಕೈಸೇರುವವರೆಗೆ ತಡೆದುಕೊಳ್ಳುವುದೇ ಇಲ್ಲಿ ದೊಡ್ಡ ಕಷ್ಟ.

ತಿಂಗಳ ರಿಟರ್ನ್ ಸಲ್ಲಿಸುವವರು ಜೂನ್‌ನಲ್ಲಿ ಬಿಲ್ ಹಾಕಿದರೆ, ಪಾರ್ಟಿಯಿಂದ, ಅಂದರೆ ಕೆಲಸ ಕೊಟ್ಟ ಕಂಪನಿಯಿಂದ, ಒಂದು ರೂಪಾಯಿ ಬಾರದಿದ್ದರೂ ಅದರ ಜಿಎಸ್‌ಟಿಯನ್ನು ಜುಲೈ 20ರೊಳಗೆ ಕಟ್ಟಲೇಬೇಕು. ತಡವಾದರೆ ವರ್ಷಕ್ಕೆ ಶೇ 18ರ ಬಡ್ಡಿ ಬೀಳುತ್ತದೆ. ಅಷ್ಟರಲ್ಲಿ ಹುಡುಗರ ಸಂಬಳ, ಶೆಡ್ಡಿನ ಬಾಡಿಗೆ, ಮೆಷಿನ್ ಸಾಲದ ಕಂತು, ಮೆಷಿನ್ ಓಡದಿದ್ದರೂ ತಪ್ಪದ ವಿದ್ಯುತ್ತಿನ ನಿಗದಿತ ಶುಲ್ಕ ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. ಸಂಬಳ ಕೊಡಬೇಕಾದ ವಾರ ಪಾರ್ಟಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದರೆ, "ಇನ್ನೂ ಸಾಹೇಬ್ರ ಸೈನ್ ಆಗಿಲ್ಲ, ಸೋಮವಾರ ನೋಡೋಣ ಸಾರ್" ಎಂಬ ಉತ್ತರ ಸಿಗುತ್ತದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಕೊಡುವ ಪಾರ್ಟಿಯ ಮೇಲೆ ದೂರು ಕೊಟ್ಟು ಮರುದಿನ ಅವರಲ್ಲಿಯೇ ಆರ್ಡರ್ ಕೇಳುವ ಧೈರ್ಯ ನಮ್ಮಂಥವರಲ್ಲಿ ಎಷ್ಟು ಮಂದಿಗಿದೆ? ಈ ಅನ್ಯಾಯ ನನ್ನನ್ನು ಬಹಳ ನೋಯಿಸುತ್ತದೆ.

ಅಳತೆ ತಪ್ಪಿದ ಮಾಲು ವಾಪಸಾಗುವ ರಿಜೆಕ್ಷನ್ನಿನ ಹೊರೆಯೂ ನಮ್ಮದೇ. ಬುಷ್ ಎಂಬ ಕೊಳವೆಯಾಕಾರದ ಭಾಗದ ಒಳವ್ಯಾಸ 0.02 ಮಿ.ಮೀ. ಹೆಚ್ಚಾಗಿ ಒಂದು ಲಾಟ್ ವಾಪಸು ಬಂದರೆ, ಕೂಲಿ ಹೋಗುವುದಲ್ಲದೆ ಪಾರ್ಟಿ ಕೊಟ್ಟಿದ್ದ ಕಚ್ಚಾಮಾಲಿನ ಬೆಲೆಯೂ ಡೆಬಿಟ್ ನೋಟಿನ ಮೂಲಕ ನಮ್ಮ ಬಿಲ್ಲಿನಲ್ಲಿ ಮುರಿದುಹೋಗುತ್ತದೆ. ನೌಕರನಾಗಿದ್ದಾಗ ಅಂಥ ದಿನ ಫೋರ್‌ಮನ್ ಬೈಯುತ್ತಿದ್ದರು, ಸಂಬಳ ಮಾತ್ರ ಪೂರ್ತಿ ಬರುತ್ತಿತ್ತು.

ನೌಕರಿಯಲ್ಲಿ ಕಷ್ಟವಿಲ್ಲವೆಂದು ನಾನು ಹೇಳುತ್ತಿಲ್ಲ. ಪಾಳಿ, ಓವರ್‌ಟೈಮ್, ಬಡ್ತಿ ಸಿಗದ ಬೇಸರ ನಿಮಗೇ ಗೊತ್ತು. ಆದರೆ ಮಾಲೀಕರ ಪಾಲು ಸೇರುವ ಪಿಎಫ್, ಐದು ವರ್ಷದ ನಂತರದ ಗ್ರಾಚ್ಯುಟಿ, ಜ್ವರ ಬಂದಾಗಿನ ರಜೆ, ಇವೆಲ್ಲ ಸ್ವಂತ ಶೆಡ್ಡಿನಲ್ಲಿ ನಿಮಗೆ ಯಾರೂ ಕೊಡುವುದಿಲ್ಲ.

ಹೀಗಿದ್ದರೂ ನಾನು ಇದನ್ನು ಬಿಡುವ ಯೋಚನೆ ಮಾಡಿಲ್ಲ. ಐಟಿಐ ಮುಗಿಸಿ ಬಂದ ಹುಡುಗ ನನ್ನೆದುರಿಗೇ ಡ್ರಾಯಿಂಗ್ ಓದಿ, ತಾನೇ ಸೆಟ್ಟಿಂಗ್ ಮಾಡಿ, ಮೊದಲ ಪೀಸ್ ಸರಿಯಾಗಿ ತೆಗೆದಾಗ ಆಗುವ ಸಂತೋಷ ನನಗೆ ಸಂಬಳದ ಕೆಲಸದಲ್ಲಿ ಸಿಕ್ಕಿರಲಿಲ್ಲ. ನೀವು ಹೊರಡುವುದೇ ಆದರೆ, ಆರು ತಿಂಗಳ ಮನೆಖರ್ಚನ್ನು ಬೇರೆಯೇ ತೆಗೆದಿಡಿ. ಒಂದೇ ಪಾರ್ಟಿಯನ್ನು ನಂಬಿ ರಾಜೀನಾಮೆ ಕೊಡಬೇಡಿ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದನ್ನು ಮೊದಲ ಬಿಲ್ ಹಾಕುವ ಮುನ್ನವೇ ಮಾಡಿಸಿಕೊಳ್ಳಿ. ನೋಂದಣಿಗೆ ಮುಂಚೆ ಮಾಡಿಕೊಟ್ಟ ಕೆಲಸಕ್ಕೆ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಸಿಗುತ್ತದೆಂಬ ಖಾತರಿಯಿಲ್ಲ.