ಬಣ್ಣದ ಡಬ್ಬಿಯಿಂದ ರಸ್ತೆ ಆಗುತ್ತದೆಯೇ?

ಮಾನ್ಯರೇ,

ಗೋಡೆಚಿತ್ರ ಬರೆದು, ಬೀದಿನಾಟಕ ಆಡಿ ತಮ್ಮೂರಿನ ತೊಂದರೆಗಳನ್ನು ಎತ್ತಿ ಹೇಳುವ ಹುಡುಗ ಹುಡುಗಿಯರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. "ರಸ್ತೆ ಆಗುವುದು ಎಸ್ಟಿಮೇಟ್, ಟೆಂಡರ್, ಬಿಲ್ಲುಗಳಿಂದ, ಬಣ್ಣದ ಡಬ್ಬಿಯಿಂದಲ್ಲ. ಬಣ್ಣ ಮೊದಲ ಮಳೆಗೇ ಹೋಗುತ್ತದೆ" ಎಂದು ನಿವೃತ್ತ ಎಂಜಿನಿಯರ್ ಆದ ನೀವು ಬರೆದಿದ್ದೀರಿ. ಕೊನೆಗೆ, ನಿಮ್ಮ ಬಡಾವಣೆಯ ಹುಡುಗರು, ನೀರು ಹರಿಯದೆ ಕಟ್ಟಿಕೊಂಡಿರುವ ಚರಂಡಿಯ ಬಗ್ಗೆ ಚಿತ್ರ ಬರೆಯಲು ನಿಮ್ಮ ಕಾಂಪೌಂಡ್ ಗೋಡೆ ಕೇಳುತ್ತಿದ್ದಾರೆ, ಚಂದಾ ಬೇರೆ ಕೇಳುತ್ತಿದ್ದಾರೆ, ಏನು ಮಾಡಲಿ ಎಂದೂ ಕೇಳಿದ್ದೀರಿ.

ಮೊದಲು ಮೊಸಳೆಯ ವಿಷಯ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತ ಹನ್ನೆರಡು ಅಡಿಯ ರಸ್ತೆ ಗುಂಡಿಗೆ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆಯನ್ನು ತಂದು ಬಿಟ್ಟರು. ಫೈಬರ್ ಮೊಸಳೆ, ಸುಮಾರು ಇಪ್ಪತ್ತು ಕಿಲೋ ತೂಕ, ಖರ್ಚು ಆರು ಸಾವಿರ ರೂಪಾಯಿ. ಪತ್ರಿಕೆಗಳಲ್ಲಿ ಫೋಟೊ ಬಂತು, ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಇಳಿಯುವುದನ್ನು ದೇಶವೇ ಕಾಯುತ್ತಿದ್ದ ವಾರ, ಬೆಂಗಳೂರಿನದೇ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿಯ ದಿರಿಸು ತೊಟ್ಟು ನಿಧಾನಕ್ಕೆ ಹೆಜ್ಜೆ ಹಾಕಿದರು. ವಿಡಿಯೊ ನೋಡುತ್ತಿದ್ದವರಿಗೆ ಅದು ಚಂದ್ರನಲ್ಲ ಎಂದು ಗೊತ್ತಾದದ್ದು ಪಕ್ಕದಲ್ಲೊಂದು ಆಟೊ ಹಾದುಹೋದಾಗ. ಅಲ್ಲಿಯೂ ರಿಪೇರಿ ಬೇಗನೆ ಶುರುವಾಯಿತು.

ಎಸ್ಟಿಮೇಟ್ ಇಲ್ಲದೆ ಅಲ್ಲಿಯೂ ಜಲ್ಲಿ ಬಿದ್ದಿರಲಿಕ್ಕಿಲ್ಲ. ಆದರೆ ಕಡತಗಳ ರಾಶಿಯಲ್ಲಿ ಅಡಿಯಲ್ಲಿದ್ದದ್ದು ಮೇಲೆ ಬಂತು. ಮೊಸಳೆ ಮಾಡಿದ್ದು ಇಷ್ಟೇ, ಮತ್ತು ಇದು ಸಣ್ಣದಲ್ಲ. ಹಾಗೆಂದು ಬಜೆಟ್ಟೇನೂ ಹಿಗ್ಗಲಿಲ್ಲ. ಒಂದು ಕಡತ ಮೇಲೆ ಬಂದರೆ ಇನ್ನೊಂದು ಕೆಳಗೆ ಹೋಗಿರುತ್ತದೆ. ಮೊಸಳೆ ಇಲ್ಲದ ಬೀದಿಯವರು ಇನ್ನಷ್ಟು ದಿನ ಕಾಯಬೇಕು. ನಿಮ್ಮ ಆಕ್ಷೇಪಕ್ಕೆ ಬಲ ಇರುವುದು ಇಲ್ಲಿ. ಕಸದ ಬ್ಲ್ಯಾಕ್ ಸ್ಪಾಟ್‌ಗೆ ರಂಗೋಲಿ ಹಾಕಿ ಫೋಟೊ ತೆಗೆಸಿಕೊಂಡು ಹೋದರೆ ಕಸ ಮುಂದಿನ ತಿರುವಿಗೆ ಹೋಗುತ್ತದೆ, ಅಷ್ಟೆ. (ಮೂತ್ರ ಮಾಡದಿರಲೆಂದು ಗೋಡೆಗೆ ದೇವರ ಟೈಲ್ಸ್ ಅಂಟಿಸುವವರ ಮೇಲೂ ನನಗೆ ಇದೇ ತಕರಾರು. ಶೌಚಾಲಯ ಎಲ್ಲಿ ಎಂದು ದೇವರು ಹೇಳುವುದಿಲ್ಲ.)

ಆದರೆ ಎಲ್ಲ ಕಲೆಯನ್ನೂ ಗುಂಡಿಯ ಲೆಕ್ಕದಲ್ಲಿ ಅಳೆಯಬೇಡಿ. ನೀವು ಕೆಲಸಕ್ಕೆ ಸೇರಿದ ಕಾಲದವರಿಗೆ 'ಸಮುದಾಯ' ರಂಗತಂಡ ನೆನಪಿರಬೇಕು. ಎಪ್ಪತ್ತರ ದಶಕದ ನಡುವೆ ಹುಟ್ಟಿದ ಆ ತಂಡದ ಯುವಕ ಯುವತಿಯರು ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಬೀದಿನಾಟಕ ಮಾಡಿ ಕರ್ನಾಟಕದ ಊರೂರಲ್ಲಿ ಆಡಿದರು. ಅದರಿಂದ ಯಾವ ಕಾಮಗಾರಿಯ ಬಿಲ್ಲೂ ಪಾಸಾಗಲಿಲ್ಲ. ದೂರದ ಊರಿನ ಸುದ್ದಿಯೊಂದು ನಮ್ಮದೇ ಊರಿನ ಕೇರಿಯ ಮಾತಾಯಿತು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಬೆಂಗಳೂರಿನಲ್ಲಿ ಶುರುಮಾಡಿದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ದೊಡ್ಡ ದೊಡ್ಡ ಗೋಡೆಗಳಿಗೆ ಚಿತ್ರ ಬರೆಯುತ್ತಾರೆ. ಸಿಗ್ನಲ್‌ನಲ್ಲಿ ಕಂಡರೆ ಕಾರಿನ ಗಾಜು ಏರಿಸುವವರ ಕಣ್ಣೆದುರಿಗೇ, ಹಗಲು ಹೊತ್ತಿನಲ್ಲಿ, ಬ್ರಷ್ ಹಿಡಿದು ಸಾರುವೆಯ ಮೇಲೆ ನಿಲ್ಲುತ್ತಾರೆ. ಚಿತ್ರ ಮಾಸಬಹುದು. ಅವರು ಅಲ್ಲಿ ನಿಂತದ್ದನ್ನು ಆ ಬೀದಿಯವರು ನೋಡಿಯಾಗಿದೆ.

ಇನ್ನು ನಿಮ್ಮ ಗೋಡೆ. ಕೊಡಿ. ಕೊಡುವ ಮೊದಲು ಆ ಹುಡುಗರನ್ನು ಕೂರಿಸಿಕೊಂಡು, ಚರಂಡಿಯ ಬಗ್ಗೆ ಅರ್ಜಿ ಕೊಟ್ಟಿದ್ದೀರಾ, ಯಾರಿಗೆ ಕೊಟ್ಟಿರಿ, ಸ್ವೀಕೃತಿ ಎಲ್ಲಿ ಎಂದು ಕೇಳಿ. ಕೊಟ್ಟಿಲ್ಲ ಎಂದರೆ ಬೈಯಬೇಡಿ, ಬರೆಸಿ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ; ಘೋಷಣೆ ಬರೆದು ರೂಢಿಯಾದ ಹುಡುಗರಿಗೆ ಇದು ಕಷ್ಟವಾಗಬಾರದು. ದಾಖಲೆಯ ಪ್ರತಿ ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸಿ ಸಾಮಗ್ರಿಯ ಮಾದರಿ ಕೇಳುವುದಕ್ಕೂ 2005ರ ಆ ಕಾಯ್ದೆಯಲ್ಲಿ ಅವಕಾಶ ಇದೆ. ಹಿಂದೆ ಅದೇ ಚರಂಡಿಗೆ ಹೂಳು ತೆಗೆದ ಬಿಲ್ ಆಗಿದ್ದರೆ ಅದರ ಎಂಬಿ ಪುಸ್ತಕದ, ಅಂದರೆ ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕದ, ಪ್ರತಿ ಬರುತ್ತದೆ. ಅದನ್ನು ಓದಿ, ಎಷ್ಟು ಮೀಟರ್ ಬರೆದಿದ್ದಾರೆ, ನೆಲದಲ್ಲಿ ಎಷ್ಟಿದೆ ಎಂದು ಹೇಳಬಲ್ಲವರು ನಿಮ್ಮ ಓಣಿಯಲ್ಲಿ ನಿಮ್ಮನ್ನು ಬಿಟ್ಟರೆ ಇನ್ಯಾರು?

ಚಿತ್ರದ ಮೂಲೆಯಲ್ಲಿ ಅರ್ಜಿ ಕೊಟ್ಟ ತಾರೀಖು ಬರೆಸಿ. ಉತ್ತರ ಬಂದ ತಾರೀಖಿಗೂ ಜಾಗ ಬಿಡಿಸಿ.

ಚಂದಾ ಕೊಡಬೇಡಿ, ಬಣ್ಣವನ್ನೇ ಕೊಡಿಸಿ. ಡಿಸ್ಟೆಂಪರ್ ತಂದರೆ ಮೊದಲ ಮಳೆಗೇ ಹೋಗುತ್ತದೆ ಎಂಬ ನಿಮ್ಮ ಮಾತು ನಿಜವಾಗುತ್ತದೆ. ಹೊರಗೋಡೆಗೆ ಪ್ರೈಮರ್ ಹೊಡೆದು ಎಕ್ಸ್‌ಟೀರಿಯರ್ ಎಮಲ್ಷನ್ ಬಳಿಯಬೇಕು ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

— ಸಂಪಾದಕ