ಬೇರೆ ತಟ್ಟೆ

ನನ್ನ ರೋಗಿಯೊಬ್ಬರ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಅರವತ್ತರ ಹತ್ತಿರದ ವಯಸ್ಸು. ಆಷಾಢದ ಮಳೆಯಲ್ಲಿ ಹೆಂಡತಿಯೊಂದಿಗೆ ಬಂದಿದ್ದರು. ಎಡತೋಳಿನ ಮೇಲೆ ಹೊದ್ದ ಟವೆಲ್ಲನ್ನು ಕೊನೆಯವರೆಗೂ ಸರಿಸಲಿಲ್ಲ.

ಅವರಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಜ್ವರದ ಜೊತೆಗೇ ತೋಳು, ಕತ್ತಿನ ಮೇಲೆ ನೇರಳೆಗೆಂಪು ದದ್ದುಗಳೆದ್ದವು: ನೋಡಿದರೆ ನೀರ್ಗುಳ್ಳೆ, ಒತ್ತಿದರೆ ಗಟ್ಟಿ, ಮುಟ್ಟಿದರೆ ನೋವು. ನೆಂಟರು ಸರ್ಪಸುತ್ತೆಂದು ಕೆಮ್ಮಣ್ಣು ಹಚ್ಚಿದರು. ಇವರು ಅಡಿಕೆಯ ಕೊಳೆರೋಗಕ್ಕೆ ತಾವು ಹೊಡೆದ ಬೋರ್ಡೋ ದ್ರಾವಣವನ್ನು, ಅಂದರೆ ಮೈಲುತುತ್ತ-ಸುಣ್ಣದ ನೀರನ್ನು, ಶಂಕಿಸಿದರು. ಆಮೇಲೆ ಏದುಸಿರು, ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಬಿಳಿ ಮಚ್ಚೆ. ಆಂಟಿಬಯೋಟಿಕ್‌ಗೆ ಬಗ್ಗಲಿಲ್ಲ, ಶ್ವಾಸನಾಳದಿಂದ ತೆಗೆದ ದ್ರವದಲ್ಲಿ ರೋಗಾಣು ಸಿಗಲಿಲ್ಲ. ಚರ್ಮದ ಚೂರಿನಲ್ಲಿ ಮಾತ್ರ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದವು. ಸ್ವೀಟ್ ಸಿಂಡ್ರೋಮ್: ಈ ಕಣಗಳೇ ಚರ್ಮಕ್ಕೆ ನುಗ್ಗಿ ಉರಿಯೂತ ತರುವ ಕಾಯಿಲೆ. ಅದು ಶ್ವಾಸಕೋಶಕ್ಕೆ ಇಳಿಯುವುದು ಅಪರೂಪ. ಸ್ಟೀರಾಯ್ಡ್ ಕೊಟ್ಟ ಎರಡೇ ದಿನಕ್ಕೆ ಜ್ವರ ಬಿಟ್ಟಿತು.

ಸ್ವೀಟ್ ಎಂಬುದು 1964ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಚರ್ಮವೈದ್ಯರ ಹೆಸರು. ಹೆಂಡತಿ ಅದನ್ನು ಸಿಹಿಯೆಂದು ತಿಳಿದು ಬೆಲ್ಲದ ಡಬ್ಬಿ ಅಡಗಿಸಿಟ್ಟಿದ್ದರು. ಸ್ಟೀರಾಯ್ಡ್ ಸಕ್ಕರೆ ಏರಿಸುವುದರಿಂದ ಡಬ್ಬಿ ಸದ್ಯ ಅಲ್ಲೇ ಇರಲಿ ಎಂದೆ.

ಜ್ವರ ಬಿಟ್ಟರೂ ಗಂಡನ ಊಟದ ತಟ್ಟೆ ಮಾತ್ರ ಬೇರೆಯಾಗಿ ಜಗಲಿಯಲ್ಲೇ ಉಳಿದಿತ್ತು. ಇಲ್ಲಿ ನಾನು ಎಡವಿದೆ. ಬೇರೆ ಇಟ್ಟವರು ಹೆಂಡತಿಯೇ ಎಂದುಕೊಂಡು ಅವರಿಗೇ ತಿಳಿಹೇಳುತ್ತಾ ಹೋದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಗಂಡನೇ ಬಾಯಿಬಿಟ್ಟರು: “ಇಟ್ಟವನು ನಾನು. ಮೊಮ್ಮಗಳು ತೊಡೆ ಹತ್ತುತ್ತಾಳೆ. ಅವಳಿಗೂ ತಗುಲಿದರೆ?”

ಇದು ಅಂಟುವುದಿಲ್ಲ, ನಿಮ್ಮದೇ ರಕ್ತಕಣಗಳು ದಾರಿತಪ್ಪಿ ನುಗ್ಗಿದ್ದು ಎಂದೆ. ಮೈಲುತುತ್ತದ ತಪ್ಪೂ ಅಲ್ಲ. ಎಚ್ಚರ ಬೇಕಾದದ್ದು ತಿರುಗುಮುರುಗಾಗಿ: ಮಗುವಿಗೆ ನೆಗಡಿಯಾದರೆ ನೀವೇ ದೂರವಿರಿ, ಏಕೆಂದರೆ ಸೋಂಕು ತಡೆಯುವ ಶಕ್ತಿ ಕುಗ್ಗಿರುವುದು ನಿಮ್ಮಲ್ಲಿ. ಬೂಷ್ಟು ಹಿಡಿದ ಅಡಿಕೆ ಸಿಪ್ಪೆಯ ರಾಶಿಯ ಹತ್ತಿರವೂ ಸುಳಿಯಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ಸೂಜಿ ಚುಚ್ಚಿದಲ್ಲಿ ಹೊಸ ದದ್ದು ಏಳಬಹುದು, ನರ್ಸ್‌ಗೆ ಮೊದಲೇ ತಿಳಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಇದು ಹಳೆಯದೋ ಹೊಸ ಸೋಂಕೋ ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ರಾತ್ರಿಯಾದರೂ, ಮಳೆಯಿದ್ದರೂ ಹೊರಡಿ.

ಮುಂದಿನ ಭೇಟಿಯಲ್ಲೂ ಟವೆಲ್ ತೋಳಿನ ಮೇಲೇ ಇತ್ತು. ತಟ್ಟೆಯ ವಿಷಯ ಕೇಳಿದೆ.

“ಒಳಗೆ ಬಂದಿದೆ” ಎಂದರು ಹೆಂಡತಿ.