ಮೀಟರ್ ಕೆಟ್ಟಿಲ್ಲ, ಸೆಟ್ಟಿಂಗ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಂಟ್ರೋಲ್ ಪ್ಯಾನೆಲ್ಲಿನ ಮುಖದ ಮೇಲೆ ಕೂರುವ ಡಿಜಿಟಲ್ ಮೀಟರ್‌ಗಳ ಕುರಿತಾಗಿಯೇ ಇವೆ. ದಾವಣಗೆರೆ, ಚಿತ್ರದುರ್ಗ ಕಡೆಯ ಗಿರಣಿಗಳಲ್ಲಿ ಮುಳ್ಳಿನ ಮೀಟರ್‌ಗಳ ಜಾಗಕ್ಕೆ ಇವು ಬಂದು ಕೂತಿವೆ. ಜೊತೆಗೆ ಬಂದ ಸಣ್ಣಕ್ಷರದ ಮಡಚು ಕಾಗದ ಮಾತ್ರ ರಟ್ಟಿನ ಪೆಟ್ಟಿಗೆಯೊಡನೆ ಕಸಕ್ಕೆ ಹೋಗಿರುತ್ತದೆ.

ಪ್ರಶ್ನೆ: ಹರಿಹರ ರಸ್ತೆಯಲ್ಲಿ ನಮ್ಮ ಅಕ್ಕಿ ಗಿರಣಿಯಿದೆ. ಭತ್ತ ಒಣಗಿಸುವ ಡ್ರೈಯರಿಗೆ ಹೊಸ ಡಿಜಿಟಲ್ ಟೆಂಪರೇಚರ್ ಮೀಟರ್ ಹಾಕಿಸಿದೆವು. ಹಾಕಿಕೊಟ್ಟವರು ಈಗ ಫೋನಿಗೆ ಸಿಗುವುದಿಲ್ಲ. ನಾಲ್ಕು ಬಟನ್‌ಗಳಿವೆ, ಒತ್ತಿದರೆ ಅರ್ಥವಾಗದ ಅಕ್ಷರಗಳು ಬಂದು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮೊದಲಿನಂತಾಗುತ್ತದೆ. ಹಳೆಯ ಮುಳ್ಳಿನ ಥರ್ಮಾಮೀಟರ್ 100 ಡಿಗ್ರಿ ತೋರಿಸುವಾಗ ಇದು 84 ತೋರಿಸುತ್ತದೆ. ಬೆಳಿಗ್ಗೆ ಡ್ರೈಯರ್ ಹಚ್ಚುವ ಮೊದಲು ಎರಡೂ ಒಂದೇ ಇರುತ್ತವೆ. ಮೀಟರ್ ಬದಲಿಸಬೇಕೆ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಮೀಟರ್ ಬಹುತೇಕ ಕೆಟ್ಟಿಲ್ಲ ಎಂಬುದಕ್ಕೆ ‘ಬೆಳಿಗ್ಗೆ ಎರಡೂ ಒಂದೇ’ ಎಂಬ ನಿಮ್ಮ ಮಾತೇ ಸಾಕ್ಷಿ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಬಟನ್‌ಗಳ ಪರಿಚಯ ಮಾಡಿಕೊಳ್ಳೋಣ.

ಕಂಪನಿ ಯಾವುದೇ ಇರಲಿ, ಈ ನಾಲ್ಕು ಬಟನ್‌ಗಳ ಕೆಲಸ ಹೆಚ್ಚುಕಡಿಮೆ ಒಂದೇ. ಒಂದರ ಮೇಲೆ ‘ಸೆಟ್’, ‘ಮೋಡ್’, ‘ಎಂಟರ್’ ಅಥವಾ ಬರೀ ‘ಪಿ’ ಎಂದು ಬರೆದಿರುತ್ತದೆ. ಮೆನುವಿನ ಒಳಗೆ ಹೋಗುವುದು, ಬದಲಿಸಿದ್ದನ್ನು ಉಳಿಸುವುದು, ಮುಂದಿನ ಮನೆಗೆ ದಾಟುವುದು ಮೂರೂ ಅದರಿಂದಲೇ. ಎಡಕ್ಕೆ ತೋರಿಸುವ ಬಾಣ ಒಂದು ಅಂಕಿಯಿಂದ ಪಕ್ಕದ ಅಂಕಿಗೆ ಸರಿಸುತ್ತದೆ. ಸರಿದ ಅಂಕಿ ಮಿನುಗುತ್ತದೆ. ಮೇಲಿನ ಮತ್ತು ಕೆಳಗಿನ ಬಾಣಗಳು ಮಿನುಗುವ ಅಂಕಿಯನ್ನು ಏರಿಸುತ್ತವೆ, ಇಳಿಸುತ್ತವೆ. ಮೂರೇ ಬಟನ್ ಇರುವ ಮೀಟರ್‌ಗಳಲ್ಲಿ ಇಳಿಸುವ ಬಾಣ ಇರುವುದಿಲ್ಲ. 9 ದಾಟಿಸಿದರೆ ಮತ್ತೆ 0 ಬರುತ್ತದೆ, ಅಷ್ಟೇ.

ಎಲ್ಲರೂ ಎಡವುವುದು ಒತ್ತುವ ಅವಧಿಯಲ್ಲಿ. ಸೆಟ್ ಬಟನ್ನನ್ನು ಒಮ್ಮೆ ಒತ್ತಿಬಿಟ್ಟರೆ ದಿನಬಳಕೆಯ ಮೆನು ತೆರೆಯುತ್ತದೆ. ಎಷ್ಟು ಡಿಗ್ರಿಗೆ ರಿಲೇ (ಕರೆಂಟನ್ನು ತಾನಾಗಿ ಜೋಡಿಸುವ, ಕತ್ತರಿಸುವ ಸ್ವಿಚ್ಚು) ಕತ್ತರಿಸಬೇಕು ಎಂಬಂಥ ಒಂದೆರಡು ಅಂಕಿಗಳು ಅಲ್ಲಿರುತ್ತವೆ. ಅದೇ ಬಟನ್ನನ್ನು ಮೂರರಿಂದ ಐದು ಸೆಕೆಂಡ್ ಒತ್ತಿ ಹಿಡಿದರೆ ಒಳಮೆನು ತೆರೆಯುತ್ತದೆ. ಸೆನ್ಸರ್ ಯಾವ ಬಗೆಯದು, ದಶಾಂಶ ಬಿಂದು ಎಲ್ಲಿ, ರಿಲೇ ಹೇಗೆ ವರ್ತಿಸಬೇಕು ಎಂಬುದೆಲ್ಲ ಅಲ್ಲಿದೆ. ಕೆಲವು ಮೀಟರ್‌ಗಳಲ್ಲಿ ಎರಡು ಬಟನ್ ಒಟ್ಟಿಗೆ ಹಿಡಿಯಬೇಕಾಗುತ್ತದೆ. ತೆರೆದ ಮೇಲೆ ಏನೂ ಒತ್ತದೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟರೆ ಮೀಟರ್ ತಾನಾಗಿಯೇ ಹೊರಗೆ ಬರುತ್ತದೆ. ನೀವು ಕಂಡದ್ದು ಇದನ್ನೇ. ದೋಷವಲ್ಲ, ಯಾರೋ ಮೆನು ತೆರೆದಿಟ್ಟು ಚಹಾಕ್ಕೆ ಹೋದರೆ ಅನಾಹುತವಾಗದಿರಲಿ ಎಂದು ಮಾಡಿಟ್ಟ ವ್ಯವಸ್ಥೆ. ಆದರೆ ಸೆಟ್ ಒತ್ತಿ ಉಳಿಸುವ ಮೊದಲೇ ಹೊರಗೆ ಬಂದರೆ ಬದಲಾವಣೆ ಉಳಿಯುವುದಿಲ್ಲ.

ಇನ್ನು ಆ ಅಕ್ಷರಗಳು. ಪ್ರತಿ ಅಂಕಿಯನ್ನೂ ಏಳು ಗೀಟುಗಳಲ್ಲಿ ಬರೆಯುವ ಈ ಪರದೆಗೆ ಇಂಗ್ಲಿಷಿನ ಎಲ್ಲ ಅಕ್ಷರಗಳೂ ಒಲಿಯುವುದಿಲ್ಲ. ದೊಡ್ಡ ‘ಬಿ’ ಬರೆದರೆ 8 ಆಗುತ್ತದೆ, ದೊಡ್ಡ ‘ಡಿ’ 0 ಆಗುತ್ತದೆ. ಅದಕ್ಕೇ ಇವೆರಡನ್ನೂ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ‘ಎಸ್’ ಮತ್ತು 5 ಒಂದೇ ರೂಪ. ‘ಕೆ’, ‘ಎಂ’, ‘ಡಬ್ಲ್ಯೂ’, ‘ಎಕ್ಸ್’ ಬರೆಯಲು ದಾರಿಯೇ ಇಲ್ಲ. ಹೀಗಾಗಿ ‘ಐ-ಎನ್-ಪಿ’ ಎಂದು ಕಂಡರೆ ಇನ್‌ಪುಟ್, ‘ಡಿ-ಪಿ’ ಕಂಡರೆ ದಶಾಂಶ ಬಿಂದು, ‘ಎಲ್-ಓ-ಸಿ’ ಕಂಡರೆ ಬೀಗ ಎಂದು ಊಹಿಸಿ ಓದಬೇಕು. ಹೆಸರು ಕಂಡಾಗ ಸೆಟ್ ಒತ್ತಿದರೆ ಅದರ ಅಂಕಿ ಕಾಣುತ್ತದೆ, ಇನ್ನೊಮ್ಮೆ ಒತ್ತಿದರೆ ಮುಂದಿನ ಹೆಸರು. ಬೀಗ ಹಾಕಿದ್ದರೆ ಅಂಕಿ ಕಾಣುತ್ತದೆ, ಬದಲಾಗುವುದಿಲ್ಲ. ಬಟನ್ ಕೆಟ್ಟಿದೆ ಎಂದು ಆಗ ಬೆರಳು ನೋಯುವಷ್ಟು ಒತ್ತುವವರಿದ್ದಾರೆ. ಬೀಗದ ಪಾಸ್‌ವರ್ಡ್ ಆ ಮಡಚು ಕಾಗದದಲ್ಲಿರುತ್ತದೆ. ಕಾಗದ ಕಳೆದಿದ್ದರೆ ಮೀಟರಿನ ಮೈಮೇಲಿನ ಮಾಡೆಲ್ ಸಂಖ್ಯೆ ಕೊಟ್ಟು ಮಾರಿದ ಅಂಗಡಿಯವರಿಂದಲೋ ಕಂಪನಿಯ ಜಾಲತಾಣದಿಂದಲೋ ಮತ್ತೊಂದು ಪ್ರತಿ ತರಿಸಿಕೊಳ್ಳಿ.

ಒಳಗೆ ಹೋದ ಮೇಲೆ ಮೊದಲ ಸುತ್ತಿನಲ್ಲಿ ಬಾಣಗಳನ್ನು ಮುಟ್ಟಲೇಬೇಡಿ. ಸೆಟ್ ಮಾತ್ರ ಒತ್ತುತ್ತ, ಬಂದ ಪ್ರತಿ ಹೆಸರನ್ನೂ ಅಂಕಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬದಲಾಯಿಸುವುದು ಎರಡನೇ ಸುತ್ತಿನಲ್ಲಿ. ಈ ಒಂದು ಶಿಸ್ತು ಇದ್ದರೆ ಬಟನ್‌ಗಳಿಗೆ ಹೆದರುವ ಅಗತ್ಯವಿಲ್ಲ.

ಈಗ ನಿಮ್ಮ 84 ಡಿಗ್ರಿಗೆ ಬರೋಣ. ಡ್ರೈಯರಿನಲ್ಲಿರುವುದು ಥರ್ಮೋಕಪಲ್ ಎಂದುಕೊಳ್ಳುತ್ತೇನೆ. ಎರಡು ಬಗೆಯ ಲೋಹದ ತಂತಿ ಸೇರಿಸಿ ಮಾಡಿದ ಈ ಸೆನ್ಸರ್ ತನ್ನ ಎರಡು ತುದಿಗಳ ಬಿಸಿಯ ವ್ಯತ್ಯಾಸಕ್ಕೆ ತಕ್ಕಂತೆ ಮಿಲಿವೋಲ್ಟ್ ಹುಟ್ಟಿಸುತ್ತದೆ; ಮೀಟರ್ ಅದಕ್ಕೆ ಪ್ಯಾನೆಲ್ ಬಳಿಯ ಬಿಸಿಯನ್ನು ಸೇರಿಸಿ ತೋರಿಸುತ್ತದೆ. ‘ಕೆ’ ಬಗೆಯದು ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, ‘ಜೆ’ ಬಗೆಯದು ಸುಮಾರು 52 ಮೈಕ್ರೋವೋಲ್ಟ್. ಕೆ ಸೆನ್ಸರ್ ಹಾಕಿ ಮೀಟರಿನಲ್ಲಿ ಜೆ ಎಂದು ಆರಿಸಿದರೆ ಮೀಟರ್ ಕಡಿಮೆ ಓದುತ್ತದೆ. ಪ್ಯಾನೆಲ್ ಇರುವ ಜಾಗ 30 ಡಿಗ್ರಿ ಇದ್ದು ಡ್ರೈಯರ್ 100 ಇದ್ದರೆ ಆಗ ಬರುವ ಓದು 84ರ ಆಸುಪಾಸಿನದೇ! ಡ್ರೈಯರ್ ತಣ್ಣಗಿದ್ದಾಗ ಸೆನ್ಸರಿನ ಎರಡು ತುದಿಗಳಿಗೂ ವ್ಯತ್ಯಾಸವಿಲ್ಲ, ಹುಟ್ಟುವ ವೋಲ್ಟೇಜೂ ಇಲ್ಲ. ಆದ್ದರಿಂದ ಬೆಳಿಗ್ಗೆ ಎರಡೂ ಒಂದೇ. ಈ ತಪ್ಪು ಹೇಗಾಗುತ್ತದೆ ಎಂಬುದೂ ಮೇಲಿನ ಅಕ್ಷರಗಳ ಮಾತಿನಲ್ಲಿಯೇ ಇದೆ: ‘ಜೆ’ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ, ‘ಕೆ’ ಮೂಡುವುದಿಲ್ಲ. ಕೆಲವು ಮೀಟರ್‌ಗಳು ಅದರ ಬದಲು ‘ಎಚ್’ನಂಥ ಆಕಾರ ತೋರಿಸುತ್ತವೆ, ಕೆಲವು ಬರೀ ಸಂಖ್ಯೆ. ಅವಸರದಲ್ಲಿರುವವರು ಗುರುತು ಸಿಕ್ಕಲ್ಲಿಗೇ ನಿಲ್ಲುತ್ತಾರೆ.

ಇದನ್ನು ಸರಿಪಡಿಸಲು ಕೆಲವರು ಎಲ್ಲ ಓದಿಗೂ ಒಂದೇ ಅಂಕಿ ಕೂಡಿಸುವ ‘ಆಫ್‌ಸೆಟ್’ ಮನೆಗೆ ಹೋಗಿ 16 ಸೇರಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. 100 ಡಿಗ್ರಿಯಲ್ಲಿ ಸರಿ ಕಾಣುತ್ತದೆ; 60 ಇರುವಾಗ 70 ಎನ್ನುತ್ತದೆ, ತಣ್ಣಗಿರುವಾಗ 46 ಎನ್ನುತ್ತದೆ. ಎಲ್ಲ ಬಿಸಿಯಲ್ಲೂ ಒಂದೇ ಅಳತೆಯ ವ್ಯತ್ಯಾಸ ಇದ್ದಾಗ ಮಾತ್ರ ಆಫ್‌ಸೆಟ್. ಬಿಸಿ ಏರಿದಂತೆ ವ್ಯತ್ಯಾಸವೂ ಏರಿದರೆ ಸೆನ್ಸರಿನ ಬಗೆಯನ್ನು ನೋಡಬೇಕು. ಸೆನ್ಸರಿನ ತಲೆಯ ಮೇಲಿನ ತಗಡಿನಲ್ಲಿ ಕೆ ಎಂದಿದೆಯೇ ನೋಡಿ, ಮೀಟರಿನಲ್ಲೂ ಅದನ್ನೇ ಆರಿಸಿ. ಕೆಲವು ಮೀಟರ್‌ಗಳಲ್ಲಿ ಬಗೆ ಬದಲಿಸಿದ ಕೂಡಲೇ ಸೆಟ್ ಪಾಯಿಂಟ್‌ಗಳು (ರಿಲೇ ಕತ್ತರಿಸುವ ಅಂಕಿಗಳು) ಕಾರ್ಖಾನೆಯ ಅಂಕಿಗೆ ಮರಳುತ್ತವೆ. ಫೋಟೊ ತೆಗೆದಿಡಿ ಎಂದದ್ದು ಅದಕ್ಕೂ ಹೌದು. ಮತ್ತೂ ಒಂದು: ನಿಮ್ಮ ಆಪರೇಟರ್ ಇಷ್ಟು ದಿನ ‘84ಕ್ಕೆ ಕತ್ತರಿಸು’ ಎಂದು ಕೊಟ್ಟಿದ್ದರೆ ಆಗ ನಿಜವಾಗಿ ಸಿಗುತ್ತಿದ್ದುದು 100. ಮೀಟರ್ ಸರಿಹೋದ ಮೇಲೂ 84 ಎಂದೇ ಬಿಟ್ಟರೆ ಭತ್ತ ಹಸಿಯಾಗಿಯೇ ಹೊರಬರುತ್ತದೆ. ಅದನ್ನೂ ಅದೇ ಹೊತ್ತಿನಲ್ಲಿ ಬದಲಿಸಿ.

ಬಿಸಿ ಏರಿದಂತೆ ಅಂಕಿ ಇಳಿಯತೊಡಗಿದರೆ ಅದು ಬೇರೆ ಕಥೆ, ತಂತಿ ಅದಲುಬದಲಾಗಿದೆ ಎಂದರ್ಥ. ಅಮೆರಿಕದ ಬಣ್ಣದ ಪದ್ಧತಿಯ ಥರ್ಮೋಕಪಲ್‌ಗಳಲ್ಲಿ ಕೆಂಪು ತಂತಿ ಮೈನಸ್. ಬ್ಯಾಟರಿಯ ಅಭ್ಯಾಸದಿಂದ ಕೆಂಪನ್ನು ಪ್ಲಸ್‌ಗೆ ಸಿಕ್ಕಿಸಿದರೆ ಹೀಗಾಗುತ್ತದೆ. ಹಿಂಭಾಗಕ್ಕೆ ಕೈ ಹಾಕುವ ಮೊದಲು ಪ್ಯಾನೆಲ್ಲಿನ ಮೇನ್ ಆಫ್ ಮಾಡಿ. ಸೆನ್ಸರ್ ತಂತಿಯಲ್ಲಿ ಏನೂ ಇರುವುದಿಲ್ಲ, ಪಕ್ಕದ ರಿಲೇ ಸ್ಕ್ರೂನಲ್ಲಿ 230 ವೋಲ್ಟ್ ಇರಬಹುದು.

ಪ್ರಶ್ನೆ: ಎಣ್ಣೆ ಗಿರಣಿಯ 75 ಎಚ್.ಪಿ. ಮೋಟಾರಿಗೆ ಹಾಕಿದ ಡಿಜಿಟಲ್ ಮೀಟರ್ 48 ಆಂಪಿಯರ್ ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದರೆ 96. ಯಾವುದನ್ನು ನಂಬಬೇಕು?
— ಓದುಗರು, ಚಳ್ಳಕೆರೆ

ಉತ್ತರ: ಕ್ಲ್ಯಾಂಪ್ ಮೀಟರನ್ನು. ಸರಿಯಾಗಿ ಅರ್ಧ ಬಂದಿದೆ ಎಂದರೆ ಅದು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತದ ತಪ್ಪು. ಪ್ಯಾನೆಲ್ ಮೀಟರ್ ಮೋಟಾರಿನ ಕರೆಂಟನ್ನು ನೇರವಾಗಿ ನೋಡುವುದಿಲ್ಲ, ಸಿ.ಟಿ. ಅದನ್ನು 5 ಆಂಪಿಯರ್ ಮಟ್ಟಕ್ಕೆ ಇಳಿಸಿ ಕಳಿಸುತ್ತದೆ, ಮೀಟರ್ ನೀವು ಕೊಟ್ಟ ಅಂಕಿಯಿಂದ ಗುಣಿಸಿ ತೋರಿಸುತ್ತದೆ. ಸಿ.ಟಿ. ಮೇಲೆ 200/5 (200 ಆಂಪಿಯರ್ ಹರಿದರೆ 5 ಕಳಿಸುತ್ತದೆ) ಎಂದಿದ್ದು ಮೆನುವಿನಲ್ಲಿ ಪ್ರೈಮರಿ 100 ಎಂದಿದ್ದರೆ ಅರ್ಧವೇ ಬರುತ್ತದೆ. ಒಳಮೆನುವಿನಲ್ಲಿ ‘ಸಿ-ಟಿ’ ಎಂದು ಶುರುವಾಗುವ ಮನೆಯನ್ನು ಹುಡುಕಿ, 200 ಮಾಡಿ, ಸೆಟ್ ಒತ್ತಿ.

ಆದರೆ ಅದಕ್ಕೂ ಮೊದಲು ಸಿ.ಟಿ.ಯ ರಂಧ್ರದಲ್ಲಿ ಕೇಬಲ್ ಎಷ್ಟು ಸಲ ಹಾದಿದೆ ಎಂದು ಎಣಿಸಿ. ಎರಡು ಸಲ ಸುತ್ತಿ ತೆಗೆದಿದ್ದರೆ 200/5 ಸಿ.ಟಿ. 100/5ರಂತೆ ಕೆಲಸ ಮಾಡುತ್ತದೆ, ಆಗ ಮೆನುವಿನ 100 ಸರಿ. ಯಾರೋ ಹಿಂದೆ ಎರಡು ಸುತ್ತು ಹಾಕಿ 100 ಎಂದು ಕೊಟ್ಟಿದ್ದು, ಆಮೇಲೆ ಕೇಬಲ್ ಬದಲಿಸಿದವರು ಒಂದೇ ಸುತ್ತು ಹಾಕಿದಾಗ ನಿಮ್ಮಲ್ಲಿ ಆದಂತೆಯೇ ಆಗುತ್ತದೆ.

ಅದೇ ಮೀಟರ್ ಕಿಲೋವ್ಯಾಟ್ ಮತ್ತು ಯೂನಿಟ್ ಕೂಡ ತೋರಿಸುತ್ತಿದ್ದರೆ ಅವೂ ಇಷ್ಟು ದಿನ ಅರ್ಧವೇ ಆಗಿವೆ. ಬೆಸ್ಕಾಂ ಬಿಲ್ಲಿಗೆ ತಾಳೆಯಾಗದೆ ನೀವು ತಲೆಕೆಡಿಸಿಕೊಂಡಿದ್ದರೆ ಕಾರಣ ಇಲ್ಲಿರಬಹುದು. ಪವರ್ ಫ್ಯಾಕ್ಟರ್ ಮಾತ್ರ ಈ ತಪ್ಪಿನಿಂದ ಕೆಡುವುದಿಲ್ಲ. ಕಿಲೋವ್ಯಾಟ್ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಮಾತ್ರ ಮೆನು ಬಿಟ್ಟು ಸಿ.ಟಿ.ಗಳನ್ನು ನೋಡಿ, ಮೂರು ಫೇಸಿನ ಮೂರು ಸಿ.ಟಿ.ಗಳಲ್ಲಿ ಒಂದು ತಿರುಗುಮುರುಗಾಗಿ ಕೂತಿರುತ್ತದೆ.

ಮೋಟಾರ್ ಓಡುತ್ತಿರುವಾಗ ಸಿ.ಟಿ.ಯಿಂದ ಮೀಟರಿಗೆ ಬರುವ ತಂತಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ತೆರೆದ ತುದಿಯಲ್ಲಿ ಪ್ರಾಣಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಏಳುತ್ತದೆ, ಸಿ.ಟಿ.ಯೂ ಸುಡಬಹುದು. ಬಟನ್ ಒತ್ತುವ ಕೆಲಸವನ್ನು ನೀವು ಮಾಡಿ, ತಂತಿಯ ಕೆಲಸವನ್ನು ಮೋಟಾರ್ ನಿಲ್ಲಿಸಿ ಎಲೆಕ್ಟ್ರಿಷಿಯನ್ ಮಾಡಲಿ.

ಪ್ರಶ್ನೆ: ಅಡಿಕೆ ತೋಟದ ಕೊಳವೆಬಾವಿಗೆ ಡಿಜಿಟಲ್ ಸ್ಟಾರ್ಟರ್ ಪ್ಯಾನೆಲ್ ಇದೆ. ನೀರಿಲ್ಲದೆ ಪಂಪ್ ಓಡುವುದನ್ನು ತಡೆಯುವ ಡ್ರೈ ರನ್ ಅಂಕಿ ಬದಲಿಸುತ್ತೇನೆ, ಮರುದಿನ ನೋಡಿದರೆ ಹಳೆಯದೇ ಇರುತ್ತದೆ. ಅದಿರಲಿ, ಆ ಅಂಕಿ ಎಷ್ಟಿರಬೇಕು?
— ಓದುಗರು, ಭೀಮಸಮುದ್ರ

ಉತ್ತರ: ಈ ಪ್ಯಾನೆಲ್‌ಗಳ ನೆನಪು ಕರೆಂಟ್ ಹೋದರೂ ಅಳಿಯದ ಚಿಪ್ಪಿನಲ್ಲಿರುತ್ತದೆ. ಮರುದಿನ ಹಳೆಯದೇ ಇದೆ ಎಂದರೆ ಹೊಸದು ಅಲ್ಲಿಗೆ ತಲುಪಿಯೇ ಇಲ್ಲ. ಬಾಣ ಒತ್ತಿ ಅಂಕಿ ಬದಲಿಸಿ ಹಾಗೇ ಬಾಗಿಲು ಹಾಕಿ ಬಂದಿರುತ್ತೀರಿ. ಬದಲಿಸಿದ ಮೇಲೆ ಸೆಟ್ ಒತ್ತಿ, ಮಿನುಗುವುದು ನಿಂತು ಮುಂದಿನ ಹೆಸರು ಬರುವುದನ್ನು ಕಣ್ಣಾರೆ ನೋಡಿ. ಆಮೇಲೆ ಮೇನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮೆನು ತೆರೆದು ಮತ್ತೆ ನೋಡಿ. ಆಗಲೂ ಹಳೆಯದೇ ಬಂದರೆ ಚಿಪ್ಪು ಹೋಗಿದೆ, ಕಾರ್ಡ್ ಬದಲಿಸಬೇಕು.

ಅಂಕಿಯನ್ನು ನೆರೆಯ ತೋಟದವರಿಂದ ಎರವಲು ತರಬೇಡಿ. ನಿಮ್ಮ ಪೈಪಿನಲ್ಲಿ ನೀರು ತುಂಬಿ ಬರುತ್ತಿರುವಾಗ, ವೋಲ್ಟೇಜ್ ಎಂದಿನಂತಿರುವಾಗ, ಮೀಟರಿನಲ್ಲಿ ಆಂಪಿಯರ್ ಓದಿ. 15 ಇದ್ದರೆ ಡ್ರೈ ರನ್ 12ರ ಹತ್ತಿರ ಇಡಿ, ಅಂದರೆ ಶೇ 80. ನೀರು ತೀರಿದಾಗ ಪಂಪಿನ ಹೊರೆ ಇಳಿದು ಆಂಪಿಯರ್ ಇಳಿಯುತ್ತದೆ, ಪ್ಯಾನೆಲ್ ಅದನ್ನೇ ನೋಡಿ ನಿಲ್ಲಿಸುತ್ತದೆ. 14ಕ್ಕೆ ಇಟ್ಟರೆ ನೀರಿದ್ದಾಗಲೂ ಪದೇ ಪದೇ ನಿಲ್ಲುತ್ತದೆ. ಬೇಸರ ಬಂದು ನೀವು 5ಕ್ಕೆ ಇಳಿಸಿದರೆ ಆ ರಕ್ಷಣೆ ಇದ್ದೂ ಇಲ್ಲದಂತೆ. ಓವರ್‌ಲೋಡ್ ಅಂಕಿಯನ್ನು ಮೋಟಾರಿನ ನಾಮಫಲಕದ ಆಂಪಿಯರಿಗಿಂತ ಶೇ 10ರಷ್ಟು ಮೇಲಿಡಿ. ವೋಲ್ಟೇಜ್ ಇಳಿದಾಗ ತುಂಬಿದ ಹೊರೆಯಲ್ಲಿರುವ ಮೋಟಾರ್ ಹೆಚ್ಚು ಆಂಪಿಯರ್ ಎಳೆಯುತ್ತದೆ. ಕಡಿಮೆ ವೋಲ್ಟೇಜಿನ ಹೊತ್ತಿನಲ್ಲಿ ಓದಿ ಇಟ್ಟ ಅಂಕಿ ಆದ್ದರಿಂದಲೇ ಕೈಕೊಡುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರಿನ ಮಟ್ಟ ಇಳಿದ ಮೇಲೆ ಇನ್ನೊಮ್ಮೆ ಓದಿ ಸರಿಮಾಡಿಕೊಳ್ಳಿ.

ಪ್ರಶ್ನೆ: ‘ಮೂರೂವರೆ ಅಂಕಿ’ಯ ಮೀಟರ್ ಎಂದರೇನು? ಟ್ಯಾಂಕಿನ ಮಟ್ಟ ತೋರಿಸುವ ಮೀಟರಿಗೆ 0 ಬದಲು 4 ಮಿಲಿಆಂಪಿಯರ್‌ನಿಂದ ಏಕೆ ಶುರು ಮಾಡುತ್ತಾರೆ?
— ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಎಡತುದಿಯ ಅಂಕಿ 0 ಅಥವಾ 1 ಮಾತ್ರ ಆಗಬಲ್ಲದು, ಉಳಿದ ಮೂರು 9ರವರೆಗೆ ಹೋಗುತ್ತವೆ. ಹಾಗಾಗಿ ಗರಿಷ್ಠ 1999. ಅಂಥ ಮೀಟರಿನಲ್ಲಿ 230.0 ವೋಲ್ಟ್ ಬರೆಯಲಾಗದು, 230 ಎಂದಷ್ಟೇ ಬರೆಯಬಹುದು.

ಟ್ಯಾಂಕಿನ ಸೆನ್ಸರ್ ನೀರಿನ ಮಟ್ಟವನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಮೀಟರಿಗೆ ಕಳಿಸುತ್ತದೆ. 4ರಿಂದ ಶುರು ಮಾಡಿದರೆ ಖಾಲಿ ಟ್ಯಾಂಕಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯುತ್ತದೆ. ಖಾಲಿ ಎಂದರೆ 4, ತುಂಡಾದರೆ 0. ಟ್ಯಾಂಕ್ 5 ಮೀಟರ್ ಇದ್ದರೆ 4ಕ್ಕೆ 0.00, 20ಕ್ಕೆ 5.00 ಎಂದು ಕೊಡಬೇಕು. 12 ಮಿಲಿಆಂಪಿಯರ್ ಬಂದಾಗ 2.50 ಕಂಡರೆ ನೀವು ಕೊಟ್ಟದ್ದು ಸರಿ. ದಶಾಂಶ ಬಿಂದುವನ್ನು ಮೊದಲು ಇಟ್ಟು ಆಮೇಲೆ ಈ ಅಂಕಿಗಳನ್ನು ಕೊಡಿ. ಉಲ್ಟಾ ಮಾಡಿದರೆ ಐದು ಮೀಟರಿನ ಟ್ಯಾಂಕ್ ಅರ್ಧ ಮೀಟರೋ ಐವತ್ತು ಮೀಟರೋ ಆಗಿಬಿಡಬಹುದು.

ಪ್ರಶ್ನೆ: ಎಪಿಎಂಸಿಯಲ್ಲಿ ನಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಚೀಲಕ್ಕೆ 200 ಗ್ರಾಂ ಹೆಚ್ಚು ತೋರಿಸುತ್ತದೆ. ಇದರಲ್ಲೂ ಇಂಥದೇ ಬಟನ್‌ಗಳಿವೆ. ನಾನೇ ಸರಿಪಡಿಸಬಹುದೇ?
— ವರ್ತಕರು, ದಾವಣಗೆರೆ

ಉತ್ತರ: ‘ಜೀರೋ’ ಮತ್ತು ‘ಟೇರ್’ (ಪಾತ್ರೆಯ ತೂಕ ಕಳೆಯುವ) ಬಟನ್‌ಗಳಷ್ಟೇ ನಿಮ್ಮವು. ತಟ್ಟೆಯ ಕೆಳಗೆ ಕಾಳು, ದೂಳು ಸಿಕ್ಕಿದೆಯೇ ನೋಡಿ, ಸಮತಟ್ಟು ನೋಡಿ, ಖಾಲಿ ಇರುವಾಗ ಜೀರೋ ಒತ್ತಿ. ಹಾಗೂ ವ್ಯತ್ಯಾಸ ಉಳಿದರೆ ಒಳಮೆನುವಿನ ಕ್ಯಾಲಿಬ್ರೇಷನ್‌ಗೆ ಕೈ ಹಾಕಬೇಡಿ, ಮುದ್ರೆಯನ್ನು ಮುಟ್ಟಬೇಡಿ. ವ್ಯಾಪಾರದ ತಕ್ಕಡಿ 2009ರ ಕಾನೂನು ಮಾಪನ ಶಾಸ್ತ್ರ ಕಾಯ್ದೆಗೆ ಒಳಪಟ್ಟದ್ದು. ಪರವಾನಗಿ ಇರುವ ರಿಪೇರಿಯವರೇ ಅದನ್ನು ಸರಿಮಾಡಿ, ಇಲಾಖೆಯವರಿಂದ ಮತ್ತೆ ಮುದ್ರೆ ಹಾಕಿಸಬೇಕು. ಅಲ್ಲಿಯವರೆಗೆ ಆ ತಕ್ಕಡಿಯಲ್ಲಿ ತೂಗುವುದನ್ನು ನಿಲ್ಲಿಸಿ.